ಹನ್ನೆರಡು ಪದ, ಒಂದು ಎನ್‌ಸೆಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಬಿಟ್‌ಕಾಯಿನ್ ವಾಲೆಟ್ ಹಾಗೂ ನಾಸ್ಟರ್, ಮಾಸ್ಟಡಾನ್‌ನಂಥ ವಿಕೇಂದ್ರಿತ (ಒಂದೇ ಕಂಪನಿಯ ಹಿಡಿತದಲ್ಲಿಲ್ಲದ) ಸಾಮಾಜಿಕ ಜಾಲಗಳ ಬಗ್ಗೆ. ವಾಲೆಟ್‌ನಲ್ಲೂ ನಾಸ್ಟರ್‌ನಲ್ಲೂ ಕೀಲಿ ಬಳಸುವವರ ಕೈಯಲ್ಲೇ ಇರುತ್ತದೆ. ಮರೆತರೆ ಓಟಿಪಿ ಕಳಿಸಿ ತೆರೆದುಕೊಡುವವರು ಯಾರೂ ಇಲ್ಲ. ಆದ್ದರಿಂದ ಮೊದಲೇ ಒಂದು ವಿನಂತಿ: ಪ್ರಶ್ನೆ ಬರೆಯುವಾಗ ನಿಮ್ಮ ವಾಲೆಟ್ ತೆರೆಯುವ ಹನ್ನೆರಡು ಪದಗಳನ್ನಾಗಲಿ, ನಾಸ್ಟರ್‌ನ ಗುಟ್ಟಿನ ಕೀಲಿಯಾದ ಎನ್‌ಸೆಕ್ ಅನ್ನಾಗಲಿ ನಮಗೂ ಬರೆಯಬೇಡಿ, ಫೋಟೊ ತೆಗೆದೂ ಕಳಿಸಬೇಡಿ. ಯಾವ ಉತ್ತರಕ್ಕೂ ನಮಗೆ ಅವು ಬೇಕಾಗುವುದಿಲ್ಲ.

ಪ್ರಶ್ನೆ: ವಾಲೆಟ್ ಮಾಡಿಕೊಂಡಾಗ ಬಂದ 12 ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದೆ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಹಿಡಿದು ಶಾಯಿ ಹರಡಿದೆ. ಪದಗಳು ಹೇಗೋ ಓದಲು ಬರುತ್ತವೆ, ಆದರೆ ಹೊಸ ಫೋನಿನಲ್ಲಿ ಹಾಕಿದರೆ ‘ತಪ್ಪಾಗಿದೆ’ ಎನ್ನುತ್ತದೆ. ಹಣ ಹೋಯಿತೇ? ಇನ್ನು ಮುಂದೆ ಎಲ್ಲಿ, ಹೇಗೆ ಬರೆದಿಡಲಿ?
— ಗೃಹಿಣಿ, ಹೊಸನಗರ ತಾಲ್ಲೂಕು

ಹಣ ಹೋಗಿಲ್ಲ, ಗಾಬರಿ ಬೇಡ. ಹಳೆಯ ಫೋನಿನಲ್ಲಿ ವಾಲೆಟ್ ಇನ್ನೂ ತೆರೆಯುತ್ತದೆಯೇ ಎಂದು ಮೊದಲು ನೋಡಿ. ತೆರೆದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಎಂಬಲ್ಲಿ ಅದೇ ಪದಗಳು ಮತ್ತೆ ಕಾಣುತ್ತವೆ, ಸರಿಯಾಗಿ ಬರೆದುಕೊಳ್ಳಿ. ಆ ಫೋನು ಇಲ್ಲವೆಂದಾದರೆ ಮುಂದೆ ಓದಿ.

ಈ ಪದಗಳು ಬಿಪ್-39 ಎಂಬ ಪಟ್ಟಿಯಿಂದ ಬರುತ್ತವೆ. ಪಟ್ಟಿಯಲ್ಲಿರುವುದು 2048 ಪದ. ಇಂಗ್ಲಿಷಲ್ಲದೆ ಜಪಾನಿ, ಸ್ಪ್ಯಾನಿಷ್, ಫ್ರೆಂಚ್ ಮುಂತಾದ ಪಟ್ಟಿಗಳೂ ಇವೆ, ಕನ್ನಡದ್ದು ಇಲ್ಲ. ಕನ್ನಡ ಅಕ್ಷರದಲ್ಲಿ ಬರೆದಾಗ ಉಚ್ಚಾರ ಉಳಿಯುತ್ತದೆ, ಕಾಗುಣಿತ ಹೋಗುತ್ತದೆ. ನಿಮ್ಮ ಹಾಳೆಯಲ್ಲಿ ‘ರೈಟ್’ ಎಂದಿದ್ದರೆ ಅದು ಬಲಗಡೆ ಎಂಬ ಅರ್ಥದ್ದೂ ಆಗಬಹುದು, ಬರೆ ಎಂಬ ಅರ್ಥದ್ದೂ ಆಗಬಹುದು, ಎರಡೂ ಪಟ್ಟಿಯಲ್ಲಿವೆ. ‘ವೇರ್’ ಕೂಡ ಹಾಗೆಯೇ: ಎಲ್ಲಿ ಎಂಬುದೂ ಇದೆ, ಬಟ್ಟೆ ತೊಡು ಎಂಬುದೂ ಇದೆ. ಇಂಥ ಪದ ಎರಡಿದ್ದರೆ ಪ್ರಯತ್ನಿಸಬೇಕಾದ ಜೋಡಣೆ ನಾಲ್ಕು, ಮೂರಿದ್ದರೆ ಎಂಟು. ಒಂದು ಮಧ್ಯಾಹ್ನದ ಕೆಲಸ.

ಹೀಗೆ ಮಾಡಿ. ಪಟ್ಟಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ಪ್ರತಿ ಪದದ ಮುಂದೆ ಅದೇ ಉಚ್ಚಾರ ಬರುವ ಪದಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆಯಿರಿ. ವಾಲೆಟ್ ಆ್ಯಪ್ ಹಾಕಿಕೊಂಡ ಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಒಂದೊಂದೇ ಜೋಡಣೆ ಹಾಕಿ ನೋಡಿ. ‘ಪದ ಸರಿಪಡಿಸಿಕೊಡುತ್ತೇವೆ’ ಎನ್ನುವ ಯಾವ ವೆಬ್‌ಸೈಟಿಗೂ ಪದಗಳನ್ನು ಹಾಕಬೇಡಿ. 12 ಪದಗಳ ಕೊನೆಯ ತುದಿಯಲ್ಲಿ, ಪದಗಳು ಸರಿಯೇ ಎಂದು ಪರೀಕ್ಷಿಸುವ 4 ಬಿಟ್‌ನ ತಾಳೆ ಇರುತ್ತದೆ. ಹಾಗಾಗಿ ತಪ್ಪು ಜೋಡಣೆಗಳಲ್ಲಿ ಹದಿನಾರರಲ್ಲಿ ಹದಿನೈದನ್ನು ವಾಲೆಟ್ಟೇ ತಿರಸ್ಕರಿಸುತ್ತದೆ. ಉಳಿದ ಒಂದನ್ನು ಮಾತ್ರ ಒಪ್ಪಿಕೊಂಡು ಖಾಲಿ ಖಾತೆ ತೋರಿಸುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲಿ ಸರಿಯಾದ ಜೋಡಣೆಯೂ ಖಾಲಿಯೇ ಕಾಣುತ್ತದೆ, ಎದೆ ಒಡೆದುಕೊಳ್ಳಬೇಡಿ. ಒಪ್ಪಿಕೊಂಡ ಜೋಡಣೆ ಸಿಕ್ಕ ಮೇಲೆ ಇಂಟರ್ನೆಟ್ ಹಾಕಿ ಮೊತ್ತ ನೋಡಿ, ಆಗಲೂ ಖಾಲಿಯಿದ್ದರೆ ಮುಂದಿನ ಜೋಡಣೆಗೆ ಹೋಗಿ.

ಎಲ್ಲ ಪದ ಸರಿಯಿದ್ದೂ ಸೊನ್ನೆ ತೋರಿಸುವುದಕ್ಕೆ ಇನ್ನೆರಡು ಕಾರಣಗಳಿವೆ. ಒಂದು, ವಿಳಾಸದ ಬಗೆ. ಹಳೆಯ ವಿಳಾಸ 1ರಿಂದ ಶುರುವಾಗುತ್ತಿತ್ತೋ, 3ರಿಂದಲೋ, ‘ಬಿಸಿ1’ರಿಂದಲೋ ನೆನಪು ಮಾಡಿಕೊಳ್ಳಿ, ಅದೇ ಪದಗಳಿಂದ ಮೂರು ಬಗೆಯ ಖಾತೆಯೂ ಹುಟ್ಟುತ್ತವೆ, ನೀವು ಬೇರೆಯದನ್ನು ತೆರೆದಿರಬಹುದು. ಇನ್ನೊಂದು, ಎಲೆಕ್ಟ್ರಮ್ ಎಂಬ ವಾಲೆಟ್ ಆ್ಯಪ್. ಅದರ ಪದಗಳು ಅದೇ ಇಂಗ್ಲಿಷ್ ಪಟ್ಟಿಯಿಂದ ಬಂದರೂ ತಾಳೆ ನೋಡುವ ವಿಧಾನ ಬೇರೆ. ಎಲೆಕ್ಟ್ರಮ್‌ನಲ್ಲಿ ಹುಟ್ಟಿದ ಪದಗಳನ್ನು ಎಲೆಕ್ಟ್ರಮ್‌ನಲ್ಲೇ ತೆರೆಯಿರಿ. ಬೇರೆ ವಾಲೆಟ್‌ನ ಪದಗಳನ್ನು ಅದರಲ್ಲಿ ತೆರೆಯುವುದಾದರೆ ಪದ ಹಾಕುವ ಪುಟದ ‘ಆಪ್ಷನ್ಸ್’ ಒತ್ತಿ ‘ಬಿಪ್-39’ ಆಯ್ದುಕೊಳ್ಳಬೇಕು.

ಇನ್ನು ಬರೆದಿಡುವ ಮಾತು. ಇಂಗ್ಲಿಷ್ ಪಟ್ಟಿಯ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ. ಪ್ರತಿ ಪದದ ನಾಲ್ಕು ಅಕ್ಷರ, ಅದೂ ದೊಡ್ಡಕ್ಷರದಲ್ಲಿ, ಮುಂದೆ ಕ್ರಮಸಂಖ್ಯೆ, ಇಷ್ಟಿದ್ದರೆ ಸಾಕು. ಕ್ರಮಸಂಖ್ಯೆ ಬಿಡಲೇಬೇಡಿ: 12 ಪದಗಳನ್ನು 47 ಕೋಟಿ 90 ಲಕ್ಷ ಬಗೆಯಲ್ಲಿ ಜೋಡಿಸಬಹುದು.

ಆಗುಂಬೆ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದವನ್ನು ನಂಬಬೇಡಿ. ಜೆಲ್ ಪೆನ್ನು ಮೊದಲು ಹರಡುತ್ತದೆ. ಪೆನ್ಸಿಲ್ ಗೆರೆ ತೇವಕ್ಕೆ ತಡೆಯುತ್ತದೆ, ಆದರೆ ಗೆದ್ದಲು ಹಾಳೆಯನ್ನೇ ತಿಂದರೆ ಏನೂ ಉಳಿಯದು. ಲ್ಯಾಮಿನೇಷನ್ ಮಾಡಿಸಲು ಅಂಗಡಿಗೆ ಒಯ್ದರೆ ನಿಮ್ಮ ಕೀಲಿ ಇನ್ನೊಬ್ಬರ ಕಣ್ಣಿಗೆ ಬಿದ್ದಂತೆ. ಝೆರಾಕ್ಸಂತೂ ಬೇಡವೇ ಬೇಡ, ದೊಡ್ಡ ಮೆಷಿನ್‌ಗಳಲ್ಲಿ ಪ್ರತಿ ಉಳಿಯುವ ಸಾಧ್ಯತೆ ಇದೆ.

ನಮ್ಮ ಸಲಹೆ ಸ್ಟೇನ್‌ಲೆಸ್ ಸ್ಟೀಲ್ ವಾಷರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ8 ಬೋಲ್ಟಿಗೆ ಹೊಂದುವ, 24 ಮಿಲಿಮೀಟರ್ ಅಗಲದ ದೊಡ್ಡ ವಾಷರ್ ಕೇಳಿ. ಮಾಮೂಲಿ ಎಂ8 ವಾಷರ್ 16 ಮಿಲಿಮೀಟರ್‌ನದು, ಅದರ ಅಂಚಿನಲ್ಲಿ ಅಕ್ಷರ ಕೂರುವುದು ಕಷ್ಟ. 15 ತನ್ನಿ, 12 ಕೆಲಸಕ್ಕೆ, 3 ಕೈ ಪಳಗಿಸಲು. ಜೊತೆಗೆ ಒಂದು ಎಂ8 ಸ್ಟೀಲ್ ಬೋಲ್ಟು, ಎರಡು ನಟ್ಟು, 3 ಮಿಲಿಮೀಟರ್‌ನ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯ ಪಂಚ್ ಸೆಟ್ಟು. ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಒಯ್ಯಿರಿ: ಗಟ್ಟಿಯಾಗಿ ಅಂಟಿಕೊಂಡರೆ ಅದು ಬಿಳಿ ಲೇಪ ಹಾಕಿದ ಕಬ್ಬಿಣ, ಮಲೆನಾಡಿನ ತೇವಕ್ಕೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ತಗಡು 660 ಡಿಗ್ರಿಗೇ ಕರಗುತ್ತದೆ, ಬೆಂಕಿ ಅನಾಹುತಕ್ಕೆ ಉಳಿಯುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕರಗಲು ಸುಮಾರು 1400 ಡಿಗ್ರಿ ಬೇಕು.

ವಾಷರನ್ನು ದಪ್ಪ ಕಬ್ಬಿಣದ ಮೇಲಿಟ್ಟು ಟೇಪಿನಿಂದ ಅಂಟಿಸಿ, ಪಂಚನ್ನು ನೇರ ಹಿಡಿದು ಒಂದೇ ಪೆಟ್ಟು ಕೊಡಿ. ಮರದ ಮಣೆಯ ಮೇಲೆ ಹೊಡೆದರೆ ಪಂಚ್ ಪುಟಿದು ಅಕ್ಷರ ಎರಡೆರಡು ಬೀಳುತ್ತದೆ. ಮೊದಲು ಕ್ರಮಸಂಖ್ಯೆ, ಆಮೇಲೆ ನಾಲ್ಕು ಅಕ್ಷರ. ಮೂರೇ ಅಕ್ಷರದ ಪದಗಳೂ ಪಟ್ಟಿಯಲ್ಲಿವೆ, ಅಲ್ಲಿಗೆ ನಿಲ್ಲಿಸಿ. ಹನ್ನೆರಡನ್ನೂ ಬೋಲ್ಟಿಗೆ ಪೋಣಿಸಿ ನಟ್ಟು ಬಿಗಿಯಿರಿ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಮೆಷಿನ್ ಇರುತ್ತದೆ, ಕೆಲಸವೂ ಸಲೀಸು, ಆದರೆ ಕೊರೆಯುವವರು ಬೇರೆಯವರು. ಆ ದಾರಿ ಹಿಡಿಯಬೇಡಿ.

ಪದಗಳ ಜೊತೆ ಪಾಸ್‌ಫ್ರೇಜ್ (ನೀವೇ ಸೇರಿಸಿದ ಹೆಚ್ಚುವರಿ ಗುಪ್ತಪದ) ಕೂಡ ಇಟ್ಟಿದ್ದರೆ ಅದನ್ನು ಬೇರೆ ಕಡೆ ಬರೆದಿಡಿ. ಪಾಸ್‌ಫ್ರೇಜ್ ತಪ್ಪಾದರೆ ವಾಲೆಟ್ ತಪ್ಪೆಂದು ಹೇಳುವುದೇ ಇಲ್ಲ, ಸುಮ್ಮನೆ ಇನ್ನೊಂದು ಖಾಲಿ ಖಾತೆ ತೆರೆಯುತ್ತದೆ. ಕೊನೆಗೆ ಒಂದು ಪರೀಕ್ಷೆ: ಹೊಸ ವಾಲೆಟ್‌ಗೆ ಸಣ್ಣ ಮೊತ್ತ ಕಳಿಸಿ, ಆ್ಯಪ್ ತೆಗೆದುಹಾಕಿ, ವಾಷರ್ ನೋಡಿಕೊಂಡೇ ಮರಳಿ ತೆರೆಯಿರಿ. ಮೊದಲ ವಿಳಾಸವೂ ಮೊತ್ತವೂ ಅದೇ ಬಂದರೆ ಮಾತ್ರ ಉಳಿದ ಹಣ ಹಾಕಿ. ಬೋಲ್ಟು ಎಲ್ಲಿದೆ, ಯಾತಕ್ಕೆ ಎನ್ನುವುದು ಮನೆಯಲ್ಲಿ ನಂಬಿಕೆಯ ಇನ್ನೊಬ್ಬರಿಗೆ ಗೊತ್ತಿರಲಿ. ಇಲ್ಲದಿದ್ದರೆ ಅದು ಗುಜರಿಗೆ ಹೋಗುತ್ತದೆ.

ಪ್ರಶ್ನೆ: ನಾಸ್ಟರ್‌ನಲ್ಲಿ ಅಮೆಥಿಸ್ಟ್ ಆ್ಯಪ್ ಬಳಸುತ್ತಿದ್ದೆ. ಹೊಸ ಫೋನಿನಲ್ಲಿ ಲಾಗಿನ್ ಆದರೆ ಎಲ್ಲ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ನಾನು ಹಿಂಬಾಲಿಸುತ್ತಿದ್ದವರ ಪಟ್ಟಿಯೂ ಖಾಲಿ. ಒಂದು ವೆಬ್‌ಸೈಟಿನಲ್ಲಿ ಎನ್‌ಸೆಕ್ ಹಾಕಿಯೂ ನೋಡಿದೆ. ಏನು ಮಾಡಲಿ?
— ಪದವಿ ವಿದ್ಯಾರ್ಥಿ, ಶಿವಮೊಗ್ಗ

ಇದರಲ್ಲಿ ಮೂರು ತೊಡಕುಗಳಿವೆ. ಬರೆಯಲು ಬಾರದಿರುವುದಕ್ಕೆ ಕಾರಣ, ನೀವು ಲಾಗಿನ್ ಆಗಿದ್ದು ಎನ್‌ಪಬ್‌ನಿಂದ. ಎನ್‌ಪಬ್, ಎನ್‌ಸೆಕ್ ಎರಡೂ 63 ಅಕ್ಷರದವು, ನೋಡಲು ಒಂದೇ ಥರ. ಎನ್‌ಪಬ್ ಊರಿಗೆಲ್ಲ ತೋರಿಸುವ ವಿಳಾಸ, ಅದರಿಂದ ಓದಲು ಮಾತ್ರ ಸಾಧ್ಯ. ನಾಸ್ಟರ್‌ನಲ್ಲಿ ಪ್ರತಿ ಬರಹಕ್ಕೂ ಸಹಿ ಬೀಳಬೇಕು, ಆ ಸಹಿ ಹಾಕುವುದು ಎನ್‌ಸೆಕ್.

ಪಟ್ಟಿ ಖಾಲಿಯಾಗಿರುವುದು ಇನ್ನೂ ಸೂಕ್ಷ್ಮ ಸಂಗತಿ. ದಯವಿಟ್ಟು ಈಗಲೇ ಯಾರನ್ನೂ ಫಾಲೋ ಮಾಡಬೇಡಿ. ನಾಸ್ಟರ್‌ನಲ್ಲಿ ಒಂದು ಸರ್ವರ್ ಎಂಬುದಿಲ್ಲ. ನಿಮ್ಮ ಬರಹ, ಪ್ರೊಫೈಲು, ಫಾಲೋ ಪಟ್ಟಿ ಎಲ್ಲವೂ ರಿಲೇಗಳೆಂಬ ಹಲವು ಕಂಪ್ಯೂಟರುಗಳಲ್ಲಿ ಕೂತಿರುತ್ತವೆ. ಹೊಸ ಆ್ಯಪ್ ತನ್ನದೇ ರಿಲೇಗಳನ್ನು ಹುಡುಕಿ, ಪಟ್ಟಿ ಸಿಗದೆ ಖಾಲಿ ತೋರಿಸುತ್ತಿದೆ. ಆ ಸ್ಥಿತಿಯಲ್ಲಿ ಒಬ್ಬರನ್ನು ಫಾಲೋ ಮಾಡಿದರೆ ‘ಒಬ್ಬರೇ ಇರುವ ಪಟ್ಟಿ’ ಹೊಸ ದಿನಾಂಕದೊಂದಿಗೆ ಎಲ್ಲ ಕಡೆ ಹೋಗುತ್ತದೆ. ರಿಲೇಗಳು ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಬಿಸಾಡುತ್ತವೆ. ವರ್ಷಗಟ್ಟಲೆ ಕೂಡಿಸಿದ ಪಟ್ಟಿ ಒಂದು ಒತ್ತಿಗೆ ಹೋಗುವುದು ಹೀಗೆ.

ಹಳೆಯ ಫೋನಿನ ರಿಲೇ ಸೆಟ್ಟಿಂಗ್ ನೋಡಿ, ಅಲ್ಲಿದ್ದ ರಿಲೇಗಳನ್ನೆಲ್ಲ ಹೊಸದರಲ್ಲಿ ಸೇರಿಸಿ. ಫೋನೇ ಇಲ್ಲದಿದ್ದರೆ ಡೇಮಸ್, ಪ್ರೈಮಲ್ ಮತ್ತು ನಾಸ್ ಡಾಟ್ ಲೋಲ್ ರಿಲೇಗಳಿಂದ ಶುರು ಮಾಡಿ; ಬಹಳ ಜನರ ಬರಹ ಅಲ್ಲಿರುತ್ತದೆ. ಆ್ಯಪ್ ಮುಚ್ಚಿ ತೆರೆದು ಕೆಲ ನಿಮಿಷ ಕಾಯಿರಿ. ಪಟ್ಟಿ ತುಂಬಿ ಬಂದ ಮೇಲೆಯೇ ಬೇರೆ ಕೆಲಸ. ಸರಿಹೋದ ಬಳಿಕ ಬರೆಯಲು 2ರಿಂದ 4, ಓದಲು 2ರಿಂದ 4 ರಿಲೇ ಸಾಕು. ಇಪ್ಪತ್ತು ಮೂವತ್ತು ರಿಲೇ ಹಾಕಿಕೊಂಡರೆ ಡೇಟಾ, ಬ್ಯಾಟರಿ ಎರಡೂ ಬೇಗ ಖರ್ಚಾಗುತ್ತವೆ, ಘಟ್ಟದ ಅಂಚಿನ ದುರ್ಬಲ ಸಿಗ್ನಲ್‌ನಲ್ಲಂತೂ ಯಾವುದೂ ಪೂರ್ತಿ ತೆರೆಯುವುದಿಲ್ಲ.

ವೆಬ್‌ಸೈಟಿನಲ್ಲಿ ಎನ್‌ಸೆಕ್ ಹಾಕಿದ್ದು ನಮಗೆ ಹೆಚ್ಚು ಚಿಂತೆಯ ವಿಷಯ. ಪಾಸ್‌ವರ್ಡ್ ಬದಲಿಸಿದಂತೆ ಎನ್‌ಸೆಕ್ ಬದಲಿಸಲು ಬರುವುದಿಲ್ಲ. ಅದು ಬದಲಾದರೆ ನೀವೇ ಬೇರೆ ವ್ಯಕ್ತಿಯಾಗುತ್ತೀರಿ. ಅದನ್ನು ಪಡೆದವರು ನಿಮ್ಮ ಹೆಸರಿನಲ್ಲಿ ಬರೆಯಬಹುದು, ನಿಮಗೆ ಬಂದ ಹಳೆಯ ಖಾಸಗಿ ಸಂದೇಶಗಳನ್ನೂ ಓದಬಹುದು. ಸೈಟು ಪರಿಚಯದ್ದಲ್ಲದಿದ್ದರೆ ಹೊಸ ಕೀಲಿ ಮಾಡಿಕೊಂಡು, ಹಳೆಯ ಖಾತೆಯಿಂದ ಹೊಸ ಎನ್‌ಪಬ್ ತಿಳಿಸಿ, ಆಪ್ತರಿಗೆ ಬೇರೆ ದಾರಿಯಲ್ಲೂ ಖಚಿತಪಡಿಸಿ. ಕಷ್ಟದ ಕೆಲಸ ನಿಜ, ಆದರೆ ಹಿಂಬಾಲಕರು ಕಡಿಮೆ ಇರುವಾಗಲೇ ಮಾಡಿಬಿಡುವುದು ಒಳ್ಳೆಯದು.

ಮುಂದೆ ಆಂಡ್ರಾಯ್ಡ್‌ನಲ್ಲಿ ಆಂಬರ್ ಎಂಬ ಆ್ಯಪ್ ಹಾಕಿಕೊಳ್ಳಿ. ಎನ್‌ಸೆಕ್ ಅದರೊಳಗೆ ಮಾತ್ರ ಇರುತ್ತದೆ. ಅಮೆಥಿಸ್ಟ್ ಸಹಿ ಬೇಕಾದಾಗ ಅದನ್ನು ಕೇಳುತ್ತದೆ. ಕಂಪ್ಯೂಟರಿನಲ್ಲಾದರೆ ಆಲ್ಬಿ ಅಥವಾ ನಾಸ್2ಎಕ್ಸ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಇದೇ ಕೆಲಸ ಮಾಡುತ್ತದೆ. ‘ಎನ್‌ಸೆಕ್ ಹಾಕಿ’ ಎಂದು ಕೇಳುವ ಪುಟಕ್ಕಿಂತ ‘ಎಕ್ಸ್‌ಟೆನ್ಷನ್‌ನಿಂದ ಲಾಗಿನ್’ ಎನ್ನುವ ಪುಟವನ್ನೇ ಆರಿಸಿಕೊಳ್ಳಿ. ಡಿಲೀಟ್ ಬಗ್ಗೆಯೂ ಒಂದು ಮಾತು: ನಾಸ್ಟರ್‌ನಲ್ಲಿ ಅಳಿಸುವುದೆಂದರೆ ರಿಲೇಗಳಿಗೆ ಕೋರಿಕೆ ಕಳಿಸುವುದಷ್ಟೇ, ಪಾಲಿಸುವುದು ಅವುಗಳಿಗೆ ಬಿಟ್ಟದ್ದು. ಪರೀಕ್ಷೆ, ಮನೆ, ಫೋನ್ ನಂಬರಿನ ವಿವರ ಅಲ್ಲಿ ಬರೆಯದಿರಿ.

ಪ್ರಶ್ನೆ: ಮೂರು ದಿನದ ಹಿಂದೆ ಬಿಟ್‌ಕಾಯಿನ್ ಕಳಿಸಿದ್ದು ಇನ್ನೂ ‘ಅನ್‌ಕನ್ಫರ್ಮ್ಡ್’ ಎಂದೇ ತೋರಿಸುತ್ತಿದೆ. ಟೆಲಿಗ್ರಾಂನಲ್ಲಿ ‘ಸಪೋರ್ಟ್’ ಎಂದು ಒಬ್ಬರು ಬಂದು, 12 ಪದ ಕೊಟ್ಟರೆ ಬೇಗ ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ಕೊಡಬಹುದೇ?
— ಅಡಿಕೆ ಬೆಳೆಗಾರರು, ಸಾಗರ

ಕೊಡಬೇಡಿ. ಆ ವ್ಯಕ್ತಿ ಕಳ್ಳ, ಇದರಲ್ಲಿ ಅನುಮಾನವಿಲ್ಲ. ವ್ಯವಹಾರ ಬೇಗ ಮಾಡಿಸಲು ಯಾರಿಗೂ ನಿಮ್ಮ ಪದಗಳು ಬೇಕಿಲ್ಲ. ಈಗಾಗಲೇ ಕೊಟ್ಟಿದ್ದರೆ ಓದುವುದನ್ನು ನಿಲ್ಲಿಸಿ ಹೊಸ ವಾಲೆಟ್ ಮಾಡಿ, ಇರುವ ಹಣವನ್ನೆಲ್ಲ ಹೆಚ್ಚಿನ ಫೀ ಕೊಟ್ಟು ಅಲ್ಲಿಗೆ ಸಾಗಿಸಿ. ಹಣ ಆಗಲೇ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ. ವ್ಯವಹಾರದ ಐಡಿ, ಕಳ್ಳನ ವಿಳಾಸ, ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗಿರಲಿ.

ತಡವಾಗಲು ಕಾರಣ ಫೀ. ಬಿಟ್‌ಕಾಯಿನ್‌ನಲ್ಲಿ ಫೀ ನಿಗದಿಯಾಗುವುದು ಕಳಿಸುವ ಮೊತ್ತದ ಮೇಲಲ್ಲ, ವ್ಯವಹಾರದ ಗಾತ್ರದ ಮೇಲೆ. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ (ಖಚಿತವಾದ ವ್ಯವಹಾರಗಳ ಕಟ್ಟು), ಅದರಲ್ಲಿ ಜಾಗ ಸೀಮಿತ. ಹೆಚ್ಚು ದರ ಕೊಟ್ಟವರು ಮುಂದೆ ಹೋಗುತ್ತಾರೆ. ‘ಬಿಸಿ1ಕ್ಯು’ ವಿಳಾಸದಿಂದ ಹೋಗುವ ಸರಳ ವ್ಯವಹಾರ ಸುಮಾರು 141 ವಿಬೈಟ್ (ಗಾತ್ರದ ಅಳತೆ). ವಿಬೈಟ್‌ಗೆ 1 ಸ್ಯಾಟ್ ದರದಲ್ಲಿ ಕಳಿಸಿದ್ದರೆ ನೀವು ಕೊಟ್ಟದ್ದು 141 ಸ್ಯಾಟ್ ಮಾತ್ರ. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸ್ಯಾಟ್.

ಮೆಂಪೂಲ್ ಡಾಟ್ ಸ್ಪೇಸ್ ತಾಣದಲ್ಲಿ ವ್ಯವಹಾರದ ಐಡಿ ಹಾಕಿ. ನಿಮ್ಮ ದರ, ಈಗ ನಡೆಯುತ್ತಿರುವ ದರ ಎರಡೂ ಕಾಣುತ್ತವೆ. ನಿಮ್ಮದು ಬಹಳ ಕೆಳಗಿದ್ದರೆ ಎರಡು ದಾರಿ. ಕಳಿಸಿದವರು ನೀವೇ ಆದ್ದರಿಂದ ಮೊದಲನೆಯದು ಸುಲಭ: ಅದೇ ವ್ಯವಹಾರವನ್ನು ಹೆಚ್ಚಿನ ಫೀ ಹಾಕಿ ಮತ್ತೆ ಕಳಿಸುವುದು, ಆರ್‌ಬಿಎಫ್ ಎನ್ನುತ್ತಾರೆ. ಎಲೆಕ್ಟ್ರಮ್‌ನಲ್ಲಾದರೆ ಹಿಸ್ಟರಿ ಪಟ್ಟಿಯಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಕ್ರೀಸ್ ಫೀ’. ಬ್ಲೂ ವಾಲೆಟ್‌ನಲ್ಲಾದರೆ ವ್ಯವಹಾರ ತೆರೆದು ‘ಬಂಪ್ ಫೀ’. ಹಣ ಎರಡು ಸಲ ಹೋಗುವುದಿಲ್ಲ, ಎರಡರಲ್ಲಿ ಒಂದೇ ಬ್ಲಾಕ್ ಸೇರುತ್ತದೆ.

ಎಕ್ಸ್‌ಚೇಂಜ್‌ನಿಂದ (ಬಿಟ್‌ಕಾಯಿನ್ ಕೊಂಡು ಮಾರುವ ತಾಣದಿಂದ) ನಿಮ್ಮ ವಾಲೆಟ್‌ಗೆ ಬರುತ್ತಿರುವ ಹಣ ಸಿಕ್ಕಿಕೊಂಡಿದ್ದರೆ ಆರ್‌ಬಿಎಫ್ ನಿಮ್ಮ ಕೈಯಲ್ಲಿಲ್ಲ. ಆಗ ಇನ್ನೂ ಖಚಿತವಾಗದ ಆ ಹಣವನ್ನೇ ನಿಮ್ಮದೇ ಇನ್ನೊಂದು ವಿಳಾಸಕ್ಕೆ ಹೆಚ್ಚು ಫೀ ಹಾಕಿ ಕಳಿಸಬೇಕು, ಇದಕ್ಕೆ ಸಿಪಿಎಫ್‌ಪಿ ಎಂದು ಹೆಸರು. ಲೆಕ್ಕ ಎರಡನ್ನೂ ಕೂಡಿಸಿ: ಹಳೆಯದು 141 ವಿಬೈಟ್, ಕೊಟ್ಟ ಫೀ 141 ಸ್ಯಾಟ್. ಹೊಸದು 110 ವಿಬೈಟ್. ಒಟ್ಟು 251ಕ್ಕೆ 10ರ ದರ ಬರಬೇಕೆಂದರೆ 2510 ಸ್ಯಾಟ್, ಅಂದರೆ ಹೊಸದಕ್ಕೆ 2369 ಸ್ಯಾಟ್ ಹಾಕಬೇಕು. ಹೊಸದಕ್ಕಷ್ಟೇ 10ರಂತೆ 1100 ಹಾಕಿ, ಯಾಕೆ ಹೋಗಲಿಲ್ಲ ಎಂದು ಕೇಳುವವರು ಬಹಳ.

ತುರ್ತಿಲ್ಲದಿದ್ದರೆ ಸುಮ್ಮನೆ ಕಾಯುವುದೂ ಸರಿ. ಸಾಮಾನ್ಯವಾಗಿ 14 ದಿನದಲ್ಲಿ ನೋಡ್‌ಗಳು (ಜಾಲವನ್ನು ನಡೆಸುವ ಕಂಪ್ಯೂಟರುಗಳು) ಅಂಥ ವ್ಯವಹಾರವನ್ನು ಮರೆತುಬಿಡುತ್ತವೆ, ಹಣ ನಿಮ್ಮ ವಾಲೆಟ್‌ನಲ್ಲೇ ಮತ್ತೆ ಬಳಸಲು ಸಿಗುತ್ತದೆ. ಇನ್ನೊಂದು ಎಚ್ಚರ: ವಿಳಾಸ ಕಾಪಿ ಮಾಡಿ ಹಾಕಿದ ಮೇಲೆ ಮೊದಲ ಆರು, ಕೊನೆಯ ಆರು ಅಕ್ಷರ ತಾಳೆ ನೋಡಿ. ಕಾಪಿಯಾದ ವಿಳಾಸವನ್ನೇ ಬದಲಿಸುವ ವೈರಸ್‌ಗಳಿವೆ. ಖಚಿತವಾದ ವ್ಯವಹಾರವನ್ನು ಯಾರೂ ವಾಪಸ್ ತರಲಾರರು.

ಪ್ರಶ್ನೆ: ನಾನಿರುವ ಮಾಸ್ಟಡಾನ್ ಸರ್ವರ್ ಮುಚ್ಚುತ್ತಾರಂತೆ. ಬರೆದದ್ದನ್ನೆಲ್ಲ ಬೇರೆ ಸರ್ವರ್‌ಗೆ ಒಯ್ಯಬಹುದೇ?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಹಿಂಬಾಲಕರನ್ನು ಒಯ್ಯಬಹುದು, ಬರಹಗಳನ್ನು ಒಯ್ಯಲಾಗದು. ಹಳೆಯ ಸರ್ವರ್ ಜೀವಂತ ಇರುವಾಗಲೇ ಎಲ್ಲ ಮುಗಿಸಬೇಕು, ಕೊನೆಯ ದಿನಕ್ಕೆ ಇಡಬೇಡಿ. ಬೇರೆ ಸರ್ವರ್‌ನಲ್ಲಿ ಖಾತೆ ತೆರೆದು, ಅಲ್ಲಿನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಬೇರೆ ಖಾತೆಯಿಂದ ಬರುತ್ತಿದ್ದೇನೆ’ ಎಂಬಲ್ಲಿ ಹಳೆಯ ವಿಳಾಸ ಪೂರ್ತಿ ಬರೆಯಿರಿ. ಆಮೇಲೆ ಹಳೆಯ ಖಾತೆಗೆ ಬಂದು ‘ಬೇರೆ ಖಾತೆಗೆ ಹೋಗುತ್ತಿದ್ದೇನೆ’ ಎಂಬಲ್ಲಿ ಹೊಸ ವಿಳಾಸ, ಪಾಸ್‌ವರ್ಡ್ ಹಾಕಿ. ಈ ಕ್ರಮ ತಿರುಗಿಸಿದರೆ ಆಗುವುದಿಲ್ಲ. ಹಿಂಬಾಲಕರು ತಾವಾಗಿಯೇ ಬರುತ್ತಾರೆ. ನೀವು ಹಿಂಬಾಲಿಸುವವರ ಪಟ್ಟಿ, ಬ್ಲಾಕ್ ಪಟ್ಟಿ, ಬುಕ್‌ಮಾರ್ಕ್ ಇವನ್ನು ‘ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್’ ಪುಟದಿಂದ ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಹೊಸದರಲ್ಲಿ ಏರಿಸಿ. ಬರಹ ಮತ್ತು ಚಿತ್ರಗಳ ಪ್ರತಿಯನ್ನೂ ಅದೇ ಪುಟದಲ್ಲಿ ಕೇಳಬಹುದು, 7 ದಿನಕ್ಕೆ ಒಂದೇ ಸಲ. ಅದು ನಿಮ್ಮ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಅಷ್ಟೆ.

ಹೊಸ ಸರ್ವರ್ ಆರಿಸುವಾಗ ಅದರ ‘ಅಬೌಟ್’ ಪುಟ ಓದಿ. ಮಾಸ್ಟಡಾನ್‌ನ ಅಧಿಕೃತ ತಾಣದ ಪಟ್ಟಿಯಲ್ಲಿರುವ ಸರ್ವರ್‌ಗಳು ಮುಚ್ಚುವ ಮೊದಲು 3 ತಿಂಗಳ ಮುನ್ಸೂಚನೆ ಕೊಡಲು ಒಪ್ಪಿರುತ್ತವೆ. ಖಾಸಗಿ ಸಂದೇಶವೆಂದು ಕಳಿಸಿದ್ದನ್ನು ಸರ್ವರ್ ನಡೆಸುವವರು ಓದಲು ಸಾಧ್ಯ ಎಂಬುದು ನೆನಪಿರಲಿ.

ಪ್ರಶ್ನೆ: ಲೈಟ್ನಿಂಗ್‌ನಲ್ಲಿ (ಬಿಟ್‌ಕಾಯಿನ್ ಬೇಗ ಕಳಿಸುವ ಜಾಲದಲ್ಲಿ) ಹಣ ಕಳಿಸುವಾಗ ಕರೆಂಟ್ ಹೋಗಿ ಟವರ್ ಸತ್ತಿತು. ‘ಪೆಂಡಿಂಗ್’ ಎಂದಿದೆ. ಮತ್ತೆ ಕಳಿಸಲೇ?
— ಹೋಮ್‌ಸ್ಟೇ ನಡೆಸುವವರು, ಆಗುಂಬೆ

ಹೊಸ ಇನ್‌ವಾಯ್ಸ್ (ಹಣ ಪಡೆಯುವವರು ಕಳಿಸುವ ಬೇಡಿಕೆ) ತರಿಸಿಕೊಳ್ಳಬೇಡಿ. ಒಂದು ಇನ್‌ವಾಯ್ಸ್‌ಗೆ ಹಣ ಒಂದೇ ಸಲ ಸಲ್ಲುತ್ತದೆ. ಹೊಸದಕ್ಕೆ ಕಳಿಸಿ, ಹಳೆಯದೂ ಹೋಗಿಬಿಟ್ಟರೆ ಎರಡು ಸಲ ಕೊಟ್ಟಂತೆ. ನೆಟ್‌ವರ್ಕ್ ಬಂದ ಮೇಲೆ ಆ್ಯಪ್ ತೆರೆದಿಟ್ಟು ಕಾಯಿರಿ. ಬಹುತೇಕ ಸಲ ಕೂಡಲೇ ಇತ್ಯರ್ಥವಾಗುತ್ತದೆ, ನಡುವಿನ ಒಂದು ನೋಡ್ ಕೈಕೊಟ್ಟಿದ್ದರೆ ಒಂದೆರಡು ದಿನವೂ ಹಿಡಿಯಬಹುದು. ಈ ಹೊತ್ತಿನಲ್ಲಿ ಆ್ಯಪ್ ಅಳಿಸಬೇಡಿ, ಹಳೆಯ ಬ್ಯಾಕಪ್ ಹಾಕಬೇಡಿ. ಸ್ವಂತ ನೋಡ್ ನಡೆಸುವವರು ಚಾನೆಲ್‌ನ (ಎರಡು ನೋಡ್‌ಗಳ ನಡುವಿನ ಹಣದ ದಾರಿಯ) ಹಳೆಯ ಸ್ಥಿತಿಯನ್ನು ಮರಳಿ ಹಾಕಿದರೆ ಎದುರಿನ ನೋಡ್ ಅದನ್ನು ಮೋಸವೆಂದು ಬಗೆದು ಚಾನೆಲ್‌ನ ಇಡೀ ಮೊತ್ತ ಮುಟ್ಟುಗೋಲು ಹಾಕಿಕೊಳ್ಳಬಲ್ಲದು. ಅತಿಥಿಗಳಿಂದ ಹಣ ಪಡೆಯುವಾಗಲೂ ನಿಮ್ಮ ಫೋನು ಆನ್‌ಲೈನ್ ಇರಬೇಕು, ಮಳೆಗಾಲದಲ್ಲಿ ಇದಕ್ಕೆ ವೈಫೈ ರೂಟರ್‌ಗೆ ಯುಪಿಎಸ್ ಹಾಕಿಕೊಳ್ಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ಹಾರ್ಡ್‌ವೇರ್ ವಾಲೆಟ್ ಜೊತೆ 24 ಪದ ಮುದ್ರಿಸಿದ ಕಾರ್ಡೂ ಬಂದಿದೆ. ಅದನ್ನೇ ಬಳಸಲೇ?
— ಓದುಗರು, ಭದ್ರಾವತಿ

ಬಳಸಬೇಡಿ. ಪದಗಳು ನಿಮ್ಮ ಕಣ್ಣೆದುರು ಸಾಧನದ ಪರದೆಯ ಮೇಲೆ ಹುಟ್ಟಬೇಕು. ಮೊದಲೇ ಮುದ್ರಿಸಿದ್ದೆಂದರೆ ಮುದ್ರಿಸಿದವರ ಬಳಿಯೂ ಇವೆ. ನೀವು ಹಣ ಹಾಕುವುದನ್ನೇ ಕಾಯುತ್ತಿರುತ್ತಾರೆ. ಸಾಧನ ವಾಪಸ್ ಮಾಡಿ, ತಯಾರಕರಿಂದಲೇ ನೇರ ತರಿಸಿ.

ಪ್ರಶ್ನೆ: ಎಕ್ಸ್‌ಚೇಂಜ್‌ನಿಂದ ಸ್ವಂತ ವಾಲೆಟ್‌ಗೆ ವರ್ಗಾಯಿಸಿದರೆ ತೆರಿಗೆ ಕಟ್ಟಬೇಕೇ?
— ಕಾಫಿ ಬೆಳೆಗಾರರು, ಕೊಪ್ಪ

ನಿಮ್ಮದೇ ವಾಲೆಟ್‌ಗೆ ಒಯ್ಯುವುದು ಮಾರಾಟವಲ್ಲ. ಮಾರಿದಾಗ ಲಾಭದ ಮೇಲೆ 30%, ಆ ತೆರಿಗೆಯ ಮೇಲೆ 4% ಸೆಸ್, ಒಟ್ಟು 31.2%; ಇದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ, ನಷ್ಟವಾದರೆ ಬೇರೆ ಯಾವ ಆದಾಯಕ್ಕೂ ಹೊಂದಿಸುವಂತಿಲ್ಲ. ಮಾರುವಾಗ ಎಕ್ಸ್‌ಚೇಂಜ್ 1% ಟಿಡಿಎಸ್ ಹಿಡಿಯುತ್ತದೆ, ರಿಟರ್ನ್ಸ್‌ನಲ್ಲಿ ಅದನ್ನು ತೋರಿಸಿ ಹೊಂದಿಸಿಕೊಳ್ಳಬಹುದು. ವಾಲೆಟ್‌ಗೆ ಒಯ್ದ ಮೇಲೆ ಎಕ್ಸ್‌ಚೇಂಜ್‌ನಲ್ಲಿ ಖರೀದಿಯ ದಾಖಲೆ ಎಷ್ಟು ವರ್ಷ ಸಿಗುತ್ತದೋ ನಂಬಲಾಗದು. ಪ್ರತಿ ಖರೀದಿಯ ದಿನಾಂಕ, ಕೊಟ್ಟ ರೂಪಾಯಿ, ಸಿಕ್ಕ ಸ್ಯಾಟ್, ವರ್ಗಾವಣೆಯ ಐಡಿ ಇವನ್ನು ಆಗಾಗಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಕೊಂಡ ಬೆಲೆಗೆ ಪುರಾವೆ ಇಲ್ಲದಿದ್ದರೆ ಮಾರಿದ ಪೂರ್ತಿ ಮೊತ್ತಕ್ಕೇ ತೆರಿಗೆ ಬೀಳುವ ಅಪಾಯವಿದೆ.